ರೊಟ್ಟಿಯ ಸಾಕ್ಷ್ಯ ಕೇಳಿದ ಮೇಡಂ

ನಾನು ಸಂಭಾಷಣೆ ಬರೆದ ಒಂದೇ ಒಂದು ಸಿನಿಮಾದಲ್ಲಿ, ತನಿಖಾಧಿಕಾರಿಯಾದ ನಾಯಕಿ ಸಾಣಾಪುರದ ಕೆರೆಯ ದಂಡೆಯ ಮೇಲೆ ಚರ್ಮದ ಕೋಟು ತೊಟ್ಟು ನಿಂತಿರುತ್ತಾಳೆ. ಚಿತ್ರೀಕರಣ ನಡೆದದ್ದು ಏಪ್ರಿಲ್ ತಿಂಗಳಲ್ಲಿ. ಸುತ್ತಲಿನ ಬಂಡೆಗಳು ಒಲೆಯ ಮೇಲಿಟ್ಟಂತೆ ಕಾದಿದ್ದವು. ಪ್ರತಿ ಶಾಟ್ ಮುಗಿದ ಕೂಡಲೇ ಇಬ್ಬರು ಓಡಿಹೋಗಿ ಕೋಟು ಬಿಚ್ಚಿಸಿ ಆಕೆಗೆ ಗಾಳಿ ಹಾಕುತ್ತಿದ್ದರು. ತೆರೆಯ ಮೇಲೆ ಮಾತ್ರ ಆಕೆ ಚಳಿಗೆ ಕೈಕಟ್ಟಿದವಳಂತೆ ನಿಂತು, ಕೊಲೆಗಾರನ ಮನಸ್ಸಿನ ಆಳವನ್ನು ಕೆರೆಯ ನೀರಿನಲ್ಲಿ ಹುಡುಕುತ್ತಾಳೆ. ಹಿನ್ನೆಲೆಯಲ್ಲಿ ಪಿಟೀಲು.

ಆ ಪಾತ್ರಕ್ಕೆ ಮೂಲವಾದ ಮಹಿಳೆ ಹೋದ ತಿಂಗಳು ಪೊಲೀಸ್ ಇಲಾಖೆಯಿಂದ ನಿವೃತ್ತರಾದರು. ಕೊನೆಯ ಹುದ್ದೆ ಎ.ಎಸ್.ಐ. ಆಯುಧ, ಒಂದು ಕಪ್ಪು ಕೊಡೆ. ಹೆಸರು ಬರೆಯಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. “ಹೆಸರ ಹಾಕಿದಿ ಅಂದ್ರ ನನ್ನ ಪೆನ್ಶನ್ ಕಾಗದ ಮತ್ತೊಂದ ಸಲ ಕಳೀತೈತಿ ನೋಡು” ಎಂದರು. ಆದ್ದರಿಂದ ಇಲ್ಲಿ ಅವರು ಬರೀ ಮೇಡಂ.

ಬೀಳ್ಕೊಡುಗೆ ಸಭೆಯಲ್ಲಿ ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲವೂ ಆದವು. ಮಾತನಾಡಿದ ಅಧಿಕಾರಿಗಳೆಲ್ಲ ಒಂದೇ ಮಾತು ಹೇಳಿದರು: ಇವರು ತಮ್ಮ ಸೇವಾವಧಿಯಲ್ಲಿ ಯಾರಿಗೂ ತೊಂದರೆ ಕೊಟ್ಟವರಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ ಇದನ್ನು ಕೇಳಿ ಮೈ ಉರಿಯಿತು. ಇದು ಪ್ರಶಂಸೆಯಲ್ಲ, ಮಾನಹಾನಿ. ಅವರು ಕೊಡಬೇಕಾದವರಿಗೆಲ್ಲ ಲೋಪವಿಲ್ಲದೆ ತೊಂದರೆ ಕೊಟ್ಟಿದ್ದಾರೆ. ಅದರಲ್ಲಿ ಒಂದಕ್ಕೆ ನಾನೇ ಸಾಕ್ಷಿ. ಅದನ್ನು ದಾಖಲಿಸುವುದಕ್ಕಾಗಿಯೇ ಈ ಬರಹ.

ಸಿನಿಮಾದ ನಿರ್ದೇಶಕರು ನನ್ನನ್ನು ಅವರ ಬಳಿಗೆ ಕಳುಹಿಸಿದ್ದು “ಹೆಣ್ಣು ತನಿಖಾಧಿಕಾರಿಯ ಮನೋಲೋಕ”ವನ್ನು ಅರಿತು ಬರಲೆಂದು. ವಿಶ್ವವಿದ್ಯಾಲಯದಿಂದ ಆಗತಾನೆ ಹೊರಬಿದ್ದಿದ್ದ ನನ್ನ ತಲೆಯ ತುಂಬ ಸಿದ್ಧಾಂತಗಳಿದ್ದವು. ಹೊಸ ನೋಟುಪುಸ್ತಕದ ಮೊದಲ ಪುಟದಲ್ಲಿ ‘ಸಮವಸ್ತ್ರ ಮತ್ತು ಸ್ತ್ರೀದೇಹ: ಅಧಿಕಾರದ ಮರುನಿರೂಪಣೆ’ ಎಂದು ಬರೆದು ಅಡಿಗೆರೆ ಎಳೆದಿದ್ದೆ. ಮೇಲಧಿಕಾರಿಗಳ ಅನುಮತಿ ಪತ್ರ ಹಿಡಿದು ಠಾಣೆಗೆ ಹೋದಾಗ ಮೇಡಂ ಆ ಪುಟವನ್ನು ಎರಡು ಸಲ ಓದಿ ಕೇಳಿದರು:

“ಇದು ಯಾರ ಮ್ಯಾಲಿನ ಕಂಪ್ಲೇಂಟು, ತಂಗಿ?”

ಠಾಣೆ ಯಾವುದೆಂದು ಹೇಳುವುದಿಲ್ಲ. ಕುಷ್ಟಗಿ ಮತ್ತು ಯಲಬುರ್ಗಾದ ನಡುವೆ ಎಲ್ಲೋ ಒಂದು ಕಡೆ ಎಂದಿಟ್ಟುಕೊಳ್ಳಿ.

ನಿರ್ದೇಶಕರು ದಿನಕ್ಕೆರಡು ಸಲ ಫೋನು ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಅವರ ಬದುಕಿನ ಆಘಾತ ಯಾವುದು? ಆಘಾತವಿಲ್ಲದ ತನಿಖಾಧಿಕಾರಿಯನ್ನು ಪ್ರೇಕ್ಷಕರು ಒಪ್ಪುವುದಿಲ್ಲವಂತೆ. ಒಂದು ವಾರ ಹಿಂಜರಿದು ಕೊನೆಗೆ ಕೇಳಿಯೇಬಿಟ್ಟೆ.

“ಮೇಡಂ, ನಿಮ್ಮ ಜೀವನದಾಗ ಏನರ ದೊಡ್ಡ ಆಘಾತ ಆಗೇತೇನ್ರಿ?”

ಅವರು ಬಹಳ ಹೊತ್ತು ಯೋಚಿಸಿದರು. ನಾನು ಪೆನ್ನು ಹಿಡಿದು ಕಾದೆ.

“ಆಗೇತಿ. ಹ್ವಾದ ವಾರ ಮಿಕ್ಸರ್ ಸುಟ್ಟತಿ. ಮೂರ ವರ್ಷ ಸೈತ ಆಗಿದ್ದಿಲ್ಲ.”

ಅವರ ವಿಚಾರಣೆಯ ಕ್ರಮ ಯಾವ ಪಠ್ಯದಲ್ಲಿಯೂ ಇಲ್ಲ. ಎದುರಿಗೆ ಯಾರೇ ಬಂದು ಕುಳಿತರೂ ಮೊದಲ ಪ್ರಶ್ನೆ ಊಟದ್ದು. ಘಟನೆ ನಡೆದ ದಿನ ಮುಂಜಾನೆ ಏನು ತಿಂದೆ, ಮಧ್ಯಾಹ್ನ ಏನು ತಿಂದೆ, ಯಾರು ಬಡಿಸಿದರು, ಪಲ್ಯಕ್ಕೆ ಉಪ್ಪು ಸರಿಯಿತ್ತೇ. “ಸುಳ್ಳ ಹೇಳಾವ್ರು ಎಲ್ಲಾ ತಯಾರಿ ಮಾಡ್ಕೊಂಡ ಬರ್ತಾರವ್ವಾ, ಊಟಾ ಒಂದ ಮರ್ತಿರ್ತಾರ” ಎನ್ನುತ್ತಿದ್ದರು. ಕುಕನೂರಿನ ಸಂತೆಯಲ್ಲಿ ಮೋಟಾರು ಸೈಕಲ್ ಕದ್ದವನೊಬ್ಬ, ಆ ದಿನ ತಾನು ತಾವರಗೇರಾದಲ್ಲಿ ಮದುವೆಯೊಂದಕ್ಕೆ ಹೋಗಿದ್ದೆನೆಂದು ವಾದಿಸಿದ. ವಧೂವರರ ಹೆಸರು, ಮಂಟಪದ ಬಣ್ಣ, ಬ್ಯಾಂಡಿನವರು ನುಡಿಸಿದ ಹಾಡು, ಎಲ್ಲವನ್ನೂ ಕಂಠಪಾಠ ಒಪ್ಪಿಸಿದ. ಮೇಡಂ ಕೇಳಿದ್ದು ಒಂದೇ: “ಸಿಹಿ ಏನ ಮಾಡಿದ್ರಪಾ?” ಆತ ಹೋಳಿಗೆ ಎಂದ. “ಮಾದಲಿ ಮಾಡಿದ್ರೋ. ನಾನಽ ಎರಡ ಸಲ ನೀಡಿಸ್ಕೊಂಡೀನಿ. ಗಾಡಿ ಎಲ್ಲಿಟ್ಟಿ ಹೇಳು.”

ಸಿನಿಮಾ ಬಿಡುಗಡೆಯಾದಾಗ ಗಂಗಾವತಿಯ ಚಿತ್ರಮಂದಿರಕ್ಕೆ ಅವರನ್ನು ನಾನೇ ಕರೆದುಕೊಂಡು ಹೋಗಿದ್ದೆ. ಕತ್ತಲಲ್ಲಿ ಸುತ್ತಲಿನ ನಾಲ್ಕು ಸಾಲಿಗೆ ಕೇಳುವಂತೆ ಅವರ ವ್ಯಾಖ್ಯಾನ ನಡೆಯಿತು. “ಆಕಿ ಯಾಕ ಅಷ್ಟ ಸಾವಕಾಶ ತಿರಗತಾಳ? ಕುತ್ತಿಗಿ ಹಿಡದೈತೇನು?” “ಕೊಲಿ ಆದ ಮನ್ಯಾಗ ಲೈಟ್ ಹಾಕದಽ ಬ್ಯಾಟರಿ ಹಿಡಕೊಂಡ ಯಾಕ ಅಡ್ಡಾಡ್ತಾಳ, ಸ್ವಿಚ್ ಬಾಗಲ ಮಗ್ಗಲಾಗ ಐತಲ್ಲ?” ಕೊನೆಯ ದೃಶ್ಯದಲ್ಲಿ ನಾಯಕಿ ಕೊಲೆಗಾರನ ಕಣ್ಣಿಗೆ ಕಣ್ಣಿಟ್ಟು ನೋಡುತ್ತಾಳೆ, ಅವನು ಕುಸಿದು ಬಿದ್ದು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಆಗ ಮೇಡಂ ಸುಮ್ಮನಾದರು. ಹೊರಗೆ ಬಂದ ಮೇಲೆ ಹೇಳಿದರು: “ತಪ್ಪೊಪ್ಪಿಗಿ ಸಿಕ್ಕ ಕೂಡ್ಲೆ ಪಿಚ್ಚರ್ ಮುಗಿಸೀರಿ. ನನ್ನ ಕೆಲಸ ಅಲ್ಲಿಂದನಽ ಚಾಲೂ ಆಗತಿತ್ತು.”

ಆ ಮಾತಿನ ಹಿಂದಿದ್ದ ಘಟನೆ ನಮ್ಮಿಬ್ಬರಿಗೂ ಗೊತ್ತಿತ್ತು. ಅದನ್ನು ನಾನು ಚಿತ್ರಕಥೆಗೆಂದು ಬರೆದುಕೊಟ್ಟಿದ್ದೆ. ರೊಟ್ಟಿಯಲ್ಲಿ ಥ್ರಿಲ್ ಇಲ್ಲವೆಂದು ನಿರ್ದೇಶಕರು ಅದನ್ನು ಕೈಬಿಟ್ಟರು.

ನಾನು ಠಾಣೆಗೆ ಹೋಗಲು ಆರಂಭಿಸಿ ಮೂರನೆಯ ವಾರ. ಹಿಂಗಾರಿ ಬಿತ್ತನೆ ಮುಗಿದಿತ್ತು. ಸಮೀಪದ ಹಳ್ಳಿಯೊಂದರಲ್ಲಿ, ಒಂದೇ ಮನೆಯ ಅತ್ತೆ ಮಾವ ಇಬ್ಬರೂ ರಾತ್ರಿಯ ಊಟದ ನಂತರ ವಾಂತಿ ಮಾಡಿಕೊಂಡು ತಲೆಸುತ್ತಿ ಬಿದ್ದು, ಕೊಪ್ಪಳದ ಆಸ್ಪತ್ರೆ ಸೇರಿದ್ದರು. ಪ್ರಾಣಕ್ಕೆ ಅಪಾಯವಿರಲಿಲ್ಲ. ಆದರೆ ಅದೇ ಮನೆಯಲ್ಲಿದ್ದ ಸೊಸೆಗೆ ಏನೂ ಆಗಿರಲಿಲ್ಲ. ಗಂಡ ಲಾರಿ ಓಡಿಸುವವನು, ದೂರದ ಊರಿನಿಂದ ಇನ್ನೂ ದಾರಿಯಲ್ಲಿದ್ದ. ಹಳ್ಳಿಯ ಕಟ್ಟೆಯ ಮೇಲೆ ಕುಳಿತವರು ಮೂರು ದಿನ ಯೋಚಿಸಿ ತೀರ್ಪು ಕೊಟ್ಟಿದ್ದರು: ರೊಟ್ಟಿ ತಿಂದವರು ಬಿದ್ದರು, ತಿನ್ನದವಳು ಎದ್ದು ಓಡಾಡುತ್ತಿದ್ದಾಳೆ, ಮತ್ತೆ ವಿಷ ಹಾಕಿದವರು ಯಾರು?

ನಾಲ್ಕನೆಯ ದಿನ ಮುಂಜಾನೆ ಆ ಹುಡುಗಿಯನ್ನು ಊರೆಲ್ಲ ನೋಡುವಂತೆ ಜೀಪಿನ ಹಿಂಬದಿಯಲ್ಲಿ ಕೂರಿಸಿಕೊಂಡು ಠಾಣೆಗೆ ಕರೆತಂದರು. ಇಪ್ಪತ್ತೊಂದು ವರ್ಷ. ಮದುವೆಯಾಗಿ ಎಂಟು ತಿಂಗಳು. ತವರು ಗಂಗಾವತಿಯ ಕಡೆ, ಕಾಲುವೆ ನೀರಿನ ಭತ್ತದ ಸೀಮೆ. ಠಾಣೆಯ ಮುಖ್ಯಸ್ಥರಾಗಿದ್ದ ತರುಣ ಪಿ.ಎಸ್.ಐ. ದೂರದ ಜಿಲ್ಲೆಯಿಂದ ಹೊಸದಾಗಿ ಬಂದವರು, ಚುರುಕಾದವರು. ಹತ್ತೂವರೆಗೆಲ್ಲ ತಪ್ಪೊಪ್ಪಿಗೆಯ ಹೇಳಿಕೆ ಸಿದ್ಧವಾಗಿ ಅದಕ್ಕೆ ಹುಡುಗಿಯ ಸಹಿಯೂ ಆಗಿತ್ತು. ಕಟ್ಟೆಯ ಇಬ್ಬರು ಹಿರಿಯರು ಸಾಕ್ಷಿ ಹಾಕಿ ಚಹಾ ಕುಡಿಯುತ್ತ ಕುಳಿತಿದ್ದರು. ಸಂಜೆ ಐದರೊಳಗೆ ಆಕೆಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು, ಅಲ್ಲಿಂದ ಜೈಲು.

ಮೇಡಂ ಅಂದು ನ್ಯಾಯಾಲಯದ ಕೆಲಸ ಮುಗಿಸಿ ಬರುವುದು ತಡವಾಗಿತ್ತು. ನಾನು ಬೆಂಚಿನ ಮೇಲೆ ಆ ಹುಡುಗಿಯ ಪಕ್ಕದಲ್ಲಿ ಕುಳಿತೆ. ನಿಜವಾದ ಅಪರಾಧಿಯೊಬ್ಬಳು ನನಗೆ ಸಿಕ್ಕಿದ್ದು ಅದೇ ಮೊದಲು. ನೋಟುಪುಸ್ತಕ ತೆರೆದು, ಆದಷ್ಟು ಮೃದುವಾದ ದನಿಯಲ್ಲಿ, “ಯಾಕ ಮಾಡಿದಿ ತಂಗಿ? ಆ ಹೊತ್ತಿನ್ಯಾಗ ಮನಸಿನ್ಯಾಗ ಏನಿತ್ತು?” ಎಂದು ಕೇಳಿದೆ. ಆಕೆ ನನ್ನ ಪೆನ್ನನ್ನು ನೋಡಿ ಮುಖ ತಿರುಗಿಸಿದಳು. ‘ಮೌನವೇ ಪ್ರತಿರೋಧ’ ಎಂದು ಬರೆದುಕೊಂಡೆ.

ಹನ್ನೊಂದಕ್ಕೆ ಮೇಡಂ ಬಂದರು. ಹೇಳಿಕೆಯನ್ನು ನಿಂತಲ್ಲೇ ಓದತೊಡಗಿ ಅರ್ಧಕ್ಕೆ ನಿಲ್ಲಿಸಿದರು.

“ಸಾಹೇಬ್ರ, ‘ಜೋಳದ ಹಿಟ್ಟಿಗೆ ವಿಷವನ್ನು ಬೆರೆಸಿ, ನಾದಿ, ಲಟ್ಟಣಿಗೆಯಿಂದ ಲಟ್ಟಿಸಿ’ ಅಂತ ಬರದೈತಲ್ರಿ. ಇದು ಈಕಿ ಹೇಳಿದ್ದೋ, ನೀವು ಹೇಳಿದ್ದೋ?”

“ಅವಳೇ ಒಪ್ಕೊಂಡಿದಾಳೆ ಮೇಡಂ. ಭಾಷೆ ಸ್ವಲ್ಪ ಸರಿ ಮಾಡಿ ಬರೆದಿದೀನಿ ಅಷ್ಟೇ.”

“ಭಾಷಾ ಛಲೋ ಐತ್ರಿ. ರೊಟ್ಟಿ ಕೆಟ್ಟೈತಿ. ಈ ಕಡೆ ಜ್ವಾಳದ ರೊಟ್ಟಿ ಕೈಲೆ ಬಡಿತಾರ್ರಿ, ಲಟ್ಟಸೂದಿಲ್ಲ.”

ಪಿ.ಎಸ್.ಐ. ನಕ್ಕರು. ಮೇಡಂ ನಗಲಿಲ್ಲ. ಹುಡುಗಿಯ ಎದುರು ಕುರ್ಚಿ ಎಳೆದುಕೊಂಡು, “ಮುಂಜಾಲಿಂದ ಏನರ ತಿಂದಿಯೇನವ್ವಾ?” ಎಂದರು. ಇಲ್ಲವೆಂದು ತಲೆಯಾಡಿಸಿದಳು. “ಆವತ್ತ ರಾತ್ರಿ ಏನ ಉಂಡಿದ್ದಿ?”

“ಅನ್ನಾ ಸಾರ್ರಿ.”

“ರೊಟ್ಟಿ ಯಾಕ ತಿನ್ನಲಿಲ್ಲ?”

“ನಮ್ಮ ಕಡೆ ಅನ್ನಾನಽ ರೂಢಿ ಅದರೀ. ರೊಟ್ಟಿ ತಿಂದ್ರ ನನಗ ಹೊಟ್ಟಿ ಭಾರ ಆಗ್ತತಿ. ಅದಕ್ಕ ಅತ್ತಿ ದಿನಾ ಬೈತಾಳ್ರಿ, ಅನ್ನದ ಊರಾಕಿ ಅಂತ.”

ಮೇಡಂ ಆಕೆಗೆ ಇಡ್ಲಿ ತರಿಸಿಕೊಟ್ಟು, ಕೊಡೆ ಹಿಡಿದು ಎಲ್ಲಿಗೋ ಹೋದರು. ಮರಳಿದಾಗ ಗಂಟೆ ಒಂದಾಗಿತ್ತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು. ಏನೆಂದು ಕೇಳಿದರೆ ಹೇಳಲಿಲ್ಲ. “ಸಾಹೇಬ್ರ, ಊಟದ ಹೊತ್ತಾತು. ಎಲ್ಲಾರೂ ನಮ್ಮ ಕ್ವಾರ್ಟರ್ಸಿಗೆ ಬರ್ರಿ. ಹಿರ್ಯಾರ, ನೀವೂ ಬರ್ರಿ. ಇವತ್ತ ಈ ಹುಡುಗಿ ರೊಟ್ಟಿ ಮಾಡ್ತಾಳ.”

ಠಾಣೆಯ ಹಿಂದಿನ ವಸತಿಗೃಹದ ಆ ಇಕ್ಕಟ್ಟಿನ ಅಡುಗೆಮನೆಯಲ್ಲಿ ನಡೆದಂಥ ತನಿಖೆಯನ್ನು ನಾನು ಮುಂದೆಂದೂ ನೋಡಲಾರೆ. ಅಗಲವಾದ ತಟ್ಟೆಯಂಥ ಪರಾತದಲ್ಲಿ ಜೋಳದ ಹಿಟ್ಟು. ಒಲೆಯ ಮೇಲೆ ಹಂಚು. ಪಕ್ಕದಲ್ಲಿ ಲಟ್ಟಣಿಗೆಯನ್ನೂ ಇಟ್ಟಿದ್ದರು. “ಬಡೀತಿಯೋ, ಲಟ್ಟಸ್ತಿಯೋ, ನಿನಗ ಹೆಂಗ ಬರ್ತೈತಿ ಹಂಗ ಮಾಡವ್ವಾ.” ಬಾಗಿಲಲ್ಲಿ ಪಿ.ಎಸ್.ಐ., ಕಿಟಕಿಯಲ್ಲಿ ಆ ಇಬ್ಬರು ಸಾಕ್ಷಿದಾರರು, ತಲೆಗೆ ಪಟಗ ಸುತ್ತಿದ್ದ ಹಿರಿಯರು ಮತ್ತು ಕನ್ನಡಕದ ಹಿರಿಯರು.

ಹುಡುಗಿ ಹಿಟ್ಟಿಗೆ ತಣ್ಣೀರು ಹಾಕಿದಳು.

“ಅಯ್ಯಯ್ಯ, ಬಿಸಿನೀರ ಹಾಕಬೇಕಲ್ಲವಾ!” ಎಂದು ಪಟಗದ ಹಿರಿಯರು ಕಿಟಕಿಯಿಂದಲೇ ಕೂಗಿದರು.

“ಹಿರ್ಯಾರ, ಸಾಕ್ಷಿದಾರರು ಹೇಳಿಕೊಡೂವಂಗಿಲ್ಲ” ಎಂದು ಮೇಡಂ ಗದರಿಸಿದರು.

ಹಿಟ್ಟು ಒಡೆಯಿತು. ಬಡಿದರೆ ನಾಲ್ಕು ಕಡೆ ಸೀಳಿತು. ಲಟ್ಟಿಸಿದರೆ ಲಟ್ಟಣಿಗೆಗೆ ಅಂಟಿಕೊಂಡು ಮೇಲೆದ್ದಿತು. ಮೂರನೆಯ ಪ್ರಯತ್ನದಲ್ಲಿ ಹಂಚಿನ ಮೇಲೆ ಬಿದ್ದ ವಸ್ತು ನಮ್ಮ ಜಿಲ್ಲೆಯ ನಕಾಶೆಯನ್ನು ಹೋಲುತ್ತಿತ್ತು, ಕುಷ್ಟಗಿ ತಾಲೂಕು ಮಾತ್ರ ಬೇರ್ಪಟ್ಟು ಒಲೆಗೆ ಬಿತ್ತು. ಹುಡುಗಿ ಅಳುತ್ತಿದ್ದಳು. ನಮಗೆ ನಗು ತಡೆಯುವುದು ಕಷ್ಟವಾಗಿತ್ತು. ಕೊನೆಗೆ ಆಕೆಯೂ ಅಳುತ್ತಲೇ ನಕ್ಕುಬಿಟ್ಟಳು.

ಮೇಡಂ ಆ ನಕಾಶೆಯನ್ನು ತಟ್ಟೆಯಲ್ಲಿಟ್ಟು ಹಿರಿಯರ ಮುಂದೆ ಹಿಡಿದರು. “ಈಕಿ ಅತ್ತಿ ಇಂಥಾ ರೊಟ್ಟಿ ತಿಂತಾಳೇನ್ರಿ?”

ಕನ್ನಡಕದ ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಎಲ್ಲೀದ್ರೀ. ಊರಾಗ ಯಾರ ಮನಿ ರೊಟ್ಟಿ ಕೊಟ್ರೂ ದಪ್ಪ ಆತು, ಹಸಿ ಆತು ಅಂತ ಹೆಸರಿಡಾಕಿ. ಆಕಿ ಮನ್ಯಾಗ ರೊಟ್ಟಿ ಮತ್ತೊಬ್ಬರ ಮುಟ್ಟಂಗಿಲ್ರಿ.”

“ಇದು ಗೊತ್ತಿದ್ದೂ ಈಕಿ ರೊಟ್ಟಿ ಮಾಡಿ ನೀಡಿದ್ಲು ಅನ್ನೋದಕ್ಕ ಸಹಿ ಹಾಕೀರಿ?”

“ನಾವೇನ ಓದೀವೇನ್ರಿ? ಇಲ್ಲಿ ಹಾಕ್ರಿ ಅಂದ್ರು, ಹಾಕಿದ್ವಿ.”

ಪಿ.ಎಸ್.ಐ. ಸುಲಭಕ್ಕೆ ಬಿಡಲಿಲ್ಲ. “ನಾಟಕ ಮಾಡ್ತಿರಬಹುದಲ್ವಾ ಮೇಡಂ? ಬರಲ್ಲ ಅಂತ ತೋರಿಸೋದೇನು ಕಷ್ಟ?”

“ಖರೇ ಐತ್ರಿ. ಬರೇ ರೊಟ್ಟಿ ನಂಬಿದ್ರ ನಾನೂ ದಡ್ಡಿನಽ.” ಅವರು ಪ್ಲಾಸ್ಟಿಕ್ ಚೀಲ ಬಿಚ್ಚಿ ಒಲೆಯ ಪಕ್ಕದಲ್ಲಿಟ್ಟರು. ಒಳಗೆ ಎರಡು ಹಿಡಿಯಷ್ಟು ಹಿಟ್ಟು. ಪರಾತದ ಹಿಟ್ಟಿನ ಪಕ್ಕದಲ್ಲಿ ಅದು ತಿಳಿಗುಲಾಬಿಯಾಗಿ ಕಂಡಿತು. “ಆ ಊರ ಗಿರಣಿಗೆ ಹೋಗಿದ್ದೆ. ಇದು ಅವರ ಮನಿ ಡಬ್ಬ್ಯಾಗಿನ ಹಿಟ್ಟು, ಗಿರಣಿಯಾವನ್ನ ಮನಿಗೆ ಕರ್ಕೊಂಡ ಹೋಗಿ ಅವನ ಮುಂದನಽ ತಗದೀನಿ. ಜ್ವಾಳ ತಂದಾಕಿ ಅತ್ತಿ. ಬಣ್ಣ ನೋಡಿ ಆವಾ ಕೇಳ್ಯಾನ, ಇದೇನ ಅವ್ವಾರ ಕೆಂಪಗ ಐತಿ ಅಂತ. ಎರಡ ನೀರ ತೊಳದೀನಿ, ಸುಮ್ನ ಬೀಸೋ ಅಂದಾಳ.”

ಆಗ ನಮ್ಮೆಲ್ಲರಿಗೂ ಅರ್ಥವಾಯಿತು. ಬಿತ್ತನೆಗೆಂದು ಔಷಧ ಸವರಿದ ಜೋಳಕ್ಕೆ ಕೆಂಪು ಬಣ್ಣವಿರುತ್ತದೆ, ಯಾರೂ ತಿನ್ನಬಾರದೆಂಬುದರ ಗುರುತು ಅದು. ಬಿತ್ತಿ ಮಿಕ್ಕ ಬೀಜವನ್ನು ಚೆಲ್ಲಲು ಆ ಹೆಂಗಸಿಗೆ ಮನಸ್ಸು ಬಂದಿರಲಿಲ್ಲ. ತೊಳೆದರೆ ಬಣ್ಣದೊಂದಿಗೆ ವಿಷವೂ ಹೋಗುತ್ತದೆಂದು ನಂಬಿ, ಒಣಗಿಸಿ, ಬೀಸಿಸಿ, ತಾನೇ ಬಡಿದು, ಗಂಡನಿಗೆ ನೀಡಿ ತಾನೂ ತಿಂದಿದ್ದಳು. ರೊಟ್ಟಿ ಮಾಡಿದ್ದು ಯಾರೆಂದು ಆಸ್ಪತ್ರೆಗೆ ಹೋಗಿ ಅವಳನ್ನು ಕೇಳಿದವರು ಯಾರೂ ಇರಲಿಲ್ಲ. ಅನ್ನದ ಊರಿನ ಹುಡುಗಿಯನ್ನು ಆ ರಾತ್ರಿ ಕಾಪಾಡಿದ್ದು ಅವಳ ಅನ್ನ. ಅವಳನ್ನು ಅಪರಾಧಿಯಾಗಿಸಿದ್ದೂ ಅದೇ.

ಪಿ.ಎಸ್.ಐ.ಯವರ ಮುಖ ಸಣ್ಣದಾಯಿತು. ಅವರು ಕೆಟ್ಟವರೇನಲ್ಲ, ಅವಸರದವರು. “ಹೋಗ್ಲಿ ಬಿಡಿ ಮೇಡಂ. ಆ ಹೇಳಿಕೆ ಹರಿದು ಹಾಕಿ, ಆಕಸ್ಮಿಕ ಅಂತ ಬರೆಯೋಣ.”

“ಆಕಸ್ಮಿಕ ಅಂತ ಬರಿಯೂಣ್ರಿ. ಹಿಟ್ಟೂ ತಪಾಸಣಿಗೆ ಕಳಸೂಣ್ರಿ. ಹೇಳಿಕಿ ಮಾತ್ರ ಹರಿಯಂಗಿಲ್ಲ. ಅದು ಫೈಲಿನ್ಯಾಗ ಇರ್ಲಿ. ನಾ ಅದರ ಬೆನ್ನಿಗೆ, ಆರೋಪಿಗೆ ರೊಟ್ಟಿ ಮಾಡಾಕ ಬರೂದಿಲ್ಲ ಅಂತ ಬರದು ಸಹಿ ಮಾಡ್ತೀನಿ.”

ಮಾಡಿದರು. ತಮ್ಮ ಪೂರ್ಣ ಹೆಸರು, ಹುದ್ದೆ, ವೇಳೆ ಸಮೇತ. ಮುಂದಿನ ಒಂದು ವರ್ಷ ಅವರಿಗೆ ಯಾವ ಪ್ರಕರಣವೂ ಸಿಗಲಿಲ್ಲ. ಎಲ್ಲಿ ಜನ ಸೇರಿದರೆ ಅಲ್ಲಿ ಬಂದೋಬಸ್ತು. ಆ ಹೇಳಿಕೆಯನ್ನು ಬರೆದವರಿಗೆ ಬಡ್ತಿ ಸಿಕ್ಕಿತು. ಮಾಡದ ಅಪರಾಧವನ್ನು ಇಪ್ಪತ್ತೊಂದು ವರ್ಷದ ಹೆಣ್ಣುಮಗಳ ಬಾಯಿಗೆ ಇಟ್ಟ ಕೈ ಯಾವುದೆಂದು ಇಲಾಖೆ ಇಂದಿನವರೆಗೂ ಕೇಳಿಲ್ಲ. ನಾನು ಕೇಳುತ್ತಿದ್ದೇನೆ. ಉತ್ತರ ಬರುವವರೆಗೂ ಕೇಳುತ್ತೇನೆ. ಶಾಲು ಹೊದಿಸಿದರೆ ಪ್ರಶ್ನೆ ಮುಚ್ಚಿಹೋಗುವುದಿಲ್ಲ.

ಆದರೆ ಅಂದು ಕೇಳಬೇಕಾದ ಪ್ರಶ್ನೆಯನ್ನು ಕೇಳದವರಲ್ಲಿ ನಾನೂ ಒಬ್ಬಳು. ಕೈ ತೊಳೆದುಕೊಂಡು ಬಂದ ಹುಡುಗಿಯನ್ನು ಮೇಡಂ ಕೇಳಿದರು: “ಮಾಡಿಲ್ಲ ಅಂತ ಯಾಕ ಹೇಳಲಿಲ್ಲವಾ?”

“ಮಾಡೀಯೇನು ಅಂತ ಯಾರೂ ಕೇಳಲಿಲ್ರಿ” ಎಂದಳು ಆಕೆ. “ಯಾಕ ಮಾಡಿದಿ ಅಂತಾನಽ ಎಲ್ಲಾರೂ ಕೇಳಿದ್ರು. ಅದಕ್ಕ ಏನ ಹೇಳಬೇಕು ಅನ್ನೂದು ನನಗ ತಿಳೀಲಿಲ್ಲ.”

ಆಕೆ ನನ್ನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಮನೋಲೋಕವನ್ನು ಅರಿಯಲು ಹೋದವಳಿಗೆ ಮನುಷ್ಯಳೊಬ್ಬಳು ಪಕ್ಕದಲ್ಲಿ ಕುಳಿತದ್ದೇ ಕಂಡಿರಲಿಲ್ಲ. “ನಾನೂ ಅದನ್ನೇ ಕೇಳಿದೆನ್ರಿ ಮೇಡಂ” ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಮುಂದ ಕೇಳಬ್ಯಾಡ” ಎಂದಷ್ಟೇ ಹೇಳಿ ಜೀಪಿನ ಕಡೆ ನಡೆದರು.

ಬಿಟ್ಟು ಕಳುಹಿಸಿದರೆ ಕೆಲಸ ಮುಗಿಯಿತೆಂದು ಮೇಡಂ ಭಾವಿಸಿರಲಿಲ್ಲ. ಹುಡುಗಿಯನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಹಿಂದೆ ಇಬ್ಬರು ಹಿರಿಯರು, ನಾನು ಮತ್ತು ಸ್ವತಃ ಮೇಡಂ. ಊರು ಬಂದ ಕೂಡಲೇ ಚಾಲಕನಿಗೆ ಹೇಳಿದರು, “ಸಾವಕಾಶ ಹೊಡಿ. ಎಲ್ಲಾರೂ ನೋಡ್ಲಿ.” ಕಟ್ಟೆಯ ಮುಂದೆ ಜೀಪು ನಿಂತಿತು. ಏಳೆಂಟು ಗಂಡಸರು ಕುಳಿತಿದ್ದರು. ಮೇಡಂ ಕನ್ನಡಕದ ಹಿರಿಯರನ್ನು ಇಳಿಸಿ, ನಡೆದದ್ದನ್ನೆಲ್ಲ ಅವರ ಬಾಯಿಂದಲೇ ಹೇಳಿಸಿದರು. ತಣ್ಣೀರಿನ ಭಾಗ ಬಂದಾಗ ಪಟಗದ ಹಿರಿಯರು ಅಭಿನಯ ಸಮೇತ ಸೇರಿಕೊಂಡರು. ಜನ ನಕ್ಕರು. ನಕ್ಕವರೆಲ್ಲ ಒಂದು ಕ್ಷಣದಲ್ಲಿ ತಲೆತಗ್ಗಿಸಿದರು.

“ತಪ್ಪಾತವ್ವ” ಎಂದರು ಪಟಗದ ಹಿರಿಯರು.

ಮೇಡಂ ಹುಡುಗಿಯನ್ನು ಕೇಳಿದರು: “ಎಲ್ಲಿ ಬಿಡ್ಲಿ ಯವ್ವಾ? ಗಂಗಾವತಿ ಬಸ್ಸಿಗೆ ಹತ್ತಿಸ್ಲೋ, ಅತ್ತಿ ಮನಿಗೆ ಬಿಡ್ಲೋ?”

ಆಕೆ ಕಟ್ಟೆಯ ಕಡೆ ತಿರುಗಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: “ಅತ್ತಿ ಮಾವನ್ನ ಇವತ್ತ ದವಾಖಾನ್ಯಾಗಿಂದ ಬಿಡ್ತಾರಂತ್ರಿ. ನಾಕರ ಬಸ್ಸಿಗೆ ಬರ್ತಾರ. ಗಿರಣಿಗೆ ಜ್ವಾಳಾ ಒಯ್ದಾಕಿ ನಾನಽ ಅಂತ ಅತ್ತಿ ಈ ಕಟ್ಟಿ ಮುಂದ ನಿಂತ ಹೇಳ್ಲಿ. ಆಮ್ಯಾಲೆ ಎಲ್ಲಿ ಹೋಗಬೇಕು ಅನ್ನೂದು ನಾ ವಿಚಾರ ಮಾಡ್ತೀನಿ.”

“ಜಡ್ಡಿನ್ಯಾಗಿಂದ ಎದ್ದ ಬರಾಕತ್ಯಾಳವ್ವಾ ಆಕಿ” ಎಂದು ಕಟ್ಟೆಯಿಂದ ಯಾರೋ ಅಂದರು. “ಇವತ್ತ ಒಂದಿನ ಬಿಡು. ಮನಿ ಮಾತು ಮನ್ಯಾಗ ಆಗ್ಲಿ.”

“ನನ್ನ ಮಾತು ಮನ್ಯಾಗ ಆಗಿದ್ದಿಲ್ಲಲ್ರಿ” ಎಂದಳು ಹುಡುಗಿ.

ಮೇಡಂ ಚಾಲಕನಿಗೆ ಎಂಜಿನ್ ಬಂದ್ ಮಾಡಲು ಹೇಳಿದರು. ಕಟ್ಟೆಯ ಬಳಿ ಹೋಗಿ, “ಒಂದೀಟ ಸರೀರಿ ಯಪ್ಪಾ, ನಾವೂ ಕುಂದರ್ತೀವಿ” ಎಂದರು. ಆ ಕಟ್ಟೆಯ ಮೇಲೆ ಹೆಂಗಸರು ಕುಳಿತದ್ದನ್ನು ಕಂಡವರು ಆ ಊರಿನಲ್ಲಿ ಇರಲಿಲ್ಲ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸರಿದರು. ಮೇಡಂ ಕುಳಿತು, ಹುಡುಗಿಯನ್ನು ಪಕ್ಕಕ್ಕೆ ಎಳೆದುಕೊಂಡರು. ನಿಂತೇ ಇದ್ದ ನನಗೂ ಜಾಗ ತೋರಿಸಿದರು.

ನಾಲ್ಕರ ಬಸ್ಸು ನಾಲ್ಕೂ ಇಪ್ಪತ್ತಕ್ಕೆ ಬಂತು. ಮೊದಲು ಮಾವ ಇಳಿದರು. ಅವರ ಹಿಂದೆ ಸೆರಗು ಹೊದ್ದು, ಬಾಗಿಲಿನ ಸರಳು ಹಿಡಿದು ಅತ್ತೆ ಇಳಿದರು. ನಾಲ್ಕು ಹೆಜ್ಜೆ ಬಂದು, ಕಟ್ಟೆಯ ಮೇಲಿದ್ದ ಸೊಸೆಯನ್ನು ಕಂಡು ಅಲ್ಲಿಯೇ ನಿಂತರು. ಅತ್ತೆ ಎದುರಿಗೆ ಬಂದರೆ ಸೊಸೆ ಎದ್ದು ನಿಲ್ಲುವುದು ಅಲ್ಲಿಯ ರೀತಿ. ಎಲ್ಲರೂ ಆ ಹುಡುಗಿಯನ್ನೇ ನೋಡುತ್ತಿದ್ದರು.

ಆಕೆ ಏಳಲಿಲ್ಲ.